ಹಳೆ ಕಾರಿನ ಎಚ್ಚರಿಕೆ ದೀಪಗಳು: ಮೂರು ಸಲ ರೀಸೆಟ್, ಕೆಲಸ ಇನ್ನೂ ಬಾಕಿ

ಗೆ,
ಸರ್ವೀಸ್ ವಿಭಾಗದ ವ್ಯವಸ್ಥಾಪಕರು,
ಹಳೆ ಕಾರು ಮಾರಾಟ ಮಳಿಗೆ, ಬಳ್ಳಾರಿ

ವಿಷಯ: ನಿಮ್ಮಲ್ಲಿ ಕೊಂಡ 2018ರ ಪೆಟ್ರೋಲ್ ಕಾರಿನಲ್ಲಿ ಬಂದು ಹೋಗುವ ದೀಪಗಳು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ ಎಸ್ಟಿಮೇಟಿಗೆ ಆಕ್ಷೇಪ

ಮಾನ್ಯರೇ,

ಎಬಿಎಸ್ ಯೂನಿಟ್ಟೇ ಹೋಗಿದೆ, 38,000 ರೂಪಾಯಿ ಆಗುತ್ತದೆ ಎಂದು ನಿಮ್ಮವರು ಕೊಟ್ಟ ಎಸ್ಟಿಮೇಟಿಗೆ ನನ್ನ ಒಪ್ಪಿಗೆ ಇಲ್ಲ. ಈಗಾಗಲೇ ಮೂರು ಸಲ ‘ಸ್ಕ್ಯಾನಿಂಗ್ ಮತ್ತು ರೀಸೆಟ್’ ಎಂದು ತಲಾ 850, ಮುಂದಿನ ಎಡಚಕ್ರದ ವೇಗ ಅಳೆಯುವ ಸೆನ್ಸರಿಗೆ 3,400 ತೆಗೆದುಕೊಂಡಿದ್ದೀರಿ. ದೀಪಗಳು ಪ್ರತಿ ಸಲವೂ ಎರಡು-ಮೂರು ದಿನಕ್ಕೆ ವಾಪಸು ಬಂದಿವೆ.

ದೀಪ ಹತ್ತುವ ಬಗೆಯಲ್ಲೇ ಸುಳಿವಿದೆ. ಎಬಿಎಸ್, ಸ್ಟೀರಿಂಗ್, ಬ್ಯಾಟರಿ ಮೂರೂ ಒಟ್ಟಿಗೆ ಹತ್ತುತ್ತವೆ. ಅದೂ ಎಸಿ, ಹೆಡ್‌ಲೈಟ್ ಹಾಕಿಕೊಂಡು ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ. ಬೆಳಿಗ್ಗೆ ಸೆಲ್ಫ್ ಕೂಡ ನಿಧಾನ ತಿರುಗುತ್ತದೆ. ಮೂರು ಬೇರೆ ಬೇರೆ ಭಾಗ ಒಂದೇ ಕ್ಷಣಕ್ಕೆ ಕೆಡುವುದು ಎಲ್ಲಾದರೂ ಉಂಟೇ? ಮೂರಕ್ಕೂ ಸೇರಿದ್ದು ಕರೆಂಟು ಮತ್ತು ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿ ಮೈನಸ್‌ಗೆ ಮರಳುವ ದಾರಿ. ಎಲೆಕ್ಟ್ರಿಕ್ ಸ್ಟೀರಿಂಗ್ ನಿಂತಲ್ಲಿ ತಿರುಗಿಸುವಾಗಲೇ ಹೆಚ್ಚು ಕರೆಂಟು ಎಳೆಯುತ್ತದೆ, ಆಗ ಸಡಿಲ ಜೋಡಣೆ ತನ್ನನ್ನು ತೋರಿಸಿಕೊಳ್ಳುತ್ತದೆ.

ಗಣಿ ಧೂಳು ಸೆನ್ಸರಿನ ಅಯಸ್ಕಾಂತಕ್ಕೆ ಅಂಟಿದೆ ಎಂದರು ನಿಮ್ಮ ಟೆಕ್ನಿಷಿಯನ್. ಕುಡತಿನಿ, ತೋರಣಗಲ್ಲು ಕಡೆ ಓಡುವ ಗಾಡಿಗೆ ಈ ಮಾತು ತೆಗೆದುಹಾಕುವಂಥದ್ದಲ್ಲ, ಬ್ರೇಕ್ ಡಿಸ್ಕಿನ ಕಬ್ಬಿಣದ ಪುಡಿಯೂ ಅಲ್ಲಿ ಕೂರುತ್ತದೆ. ಆದರೆ ಅದು ಗಾಡಿ ಓಡುವಾಗ ಎಬಿಎಸ್ ದೀಪ ಹತ್ತಿಸಬೇಕು. ನಿಂತ ಗಾಡಿಯ ಬ್ಯಾಟರಿ ದೀಪವನ್ನಲ್ಲ. ಸೆನ್ಸರ್ ಹೊಸದಾದ ಮೇಲೂ ಸ್ಕ್ಯಾನರಿನಲ್ಲಿ ಅದೇ ಸಿ0035, ಅಂದರೆ ಮುಂದಿನ ಎಡಚಕ್ರದ ಸೆನ್ಸರ್ ದೋಷದ ಕೋಡ್ ಮರಳಿದೆ. ಅದರ ಜೊತೆಗೇ ಇದ್ದ ಪಿ0562, ಅಂದರೆ ವೋಲ್ಟೇಜ್ ಕಡಿಮೆ ಎಂಬ ಕೋಡನ್ನು ಯಾರೂ ಗಮನಿಸಿಲ್ಲ.

ಮೀಟರ್ ಹಿಡಿದು ನೋಡಿದ ಲೆಕ್ಕ ಇದು. ಎಂಜಿನ್ 1,500 ಆರ್‌ಪಿಎಂ. ಎಸಿ, ಹೆಡ್‌ಲೈಟ್, ಬ್ಲೋವರ್ ಆನ್. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿನಿಂದ ಅದರ ಲೋಹದ ಕವಚಕ್ಕೆ 14.2 ವೋಲ್ಟ್, ಬ್ಯಾಟರಿಯ ಎರಡು ಕಂಬಗಳ ನಡುವೆ 13.3. ಬ್ಯಾಟರಿ ಮೈನಸ್‌ನಿಂದ ಕಾರಿನ ಬಾಡಿಯವರೆಗೆ 0.05, ಆದರೆ ಅದೇ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ 0.8. ಇದು 0.2 ದಾಟಬಾರದು. ಬಾಡಿಗೂ ಎಂಜಿನ್ನಿಗೂ ನಡುವಿನ ಹೆಣೆದ ಪಟ್ಟಿಯನ್ನು ಬೆರಳಲ್ಲಿ ಅಲುಗಾಡಿಸಿದರೆ 0.8 ಇದ್ದದ್ದು 0.1ಕ್ಕೆ ಇಳಿದು ಮತ್ತೆ ಏರುತ್ತದೆ. ಪಟ್ಟಿಯ ಲಗ್ (ತುದಿಯ ಲೋಹದ ಬಳೆ) ಬಾಡಿಯ ಮೇಲೆ ಕೂತ ಜಾಗ ನೋಡಿ: ಬೋಲ್ಟಿನ ಸುತ್ತ, ಲಗ್ಗಿನ ಅಡಿಗೂ ಬಾಡಿ ಬಣ್ಣವೇ ಇದೆ, ಅಂಚಿನಲ್ಲಿ ಹಸಿರು ಕಿಲುಬು. ಮಾರುವ ಮುಂಚೆ ಬಾನೆಟ್ಟಿನೊಳಗೆ ಟಚಪ್ ಮಾಡಿದವರು ಆ ಜಾಗ ಕೆರೆಯದೆ ಲಗ್ ಕೂರಿಸಿದ್ದಾರೆ. ಬಣ್ಣದ ಮೇಲೆ ಕರೆಂಟು ಹರಿಯುವುದಿಲ್ಲ, ಬೋಲ್ಟಿನ ಥ್ರೆಡ್ಡಿನಲ್ಲಿ ಹೇಗೋ ದಾರಿ ಮಾಡಿಕೊಂಡಿದೆ, ಅಷ್ಟೇ.

ಇನ್ನೊಂದು. ಗಾಡಿ ಕೈಗೆ ಬಂದ ದಿನವೇ ಸ್ಕ್ಯಾನರಿನಲ್ಲಿ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ 19 ಕಿಲೋಮೀಟರ್ ಎಂದಿತ್ತು, ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಭಾಗ) ಪರೀಕ್ಷೆ ಅಪೂರ್ಣ ಎಂದೂ ಇತ್ತು. ಮಾರುವ ಮುಂಚೆ ಕೋಡ್ ಅಳಿಸಿದಂತೆ ಕಾಣುತ್ತದೆ, ಬ್ಯಾಟರಿ ಕಳಚಿದರೂ ಹೀಗಾಗಬಹುದು. ಯಾವುದು ಆಯಿತೆಂದು ನಿಮ್ಮ ಜಾಬ್ ಕಾರ್ಡ್ ತೋರಿಸಿ ಹೇಳಿ.

ಈಗ ಆಗಬೇಕಾದ್ದು: ಮೊದಲು ಬ್ಯಾಟರಿ ಮೈನಸ್ ಕಳಚಿ, ಲಗ್ ಬಿಚ್ಚಿ, ಎರಡೂ ಕಡೆ ಬಿಳಿ ಲೋಹ ಕಾಣುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ವ್ಯಾಸಲೀನ್ ಬಿಗಿದ ಮೇಲೆ, ಮುಂಚೆ ಅಲ್ಲ. ಪಟ್ಟಿಯ ಎಳೆಗಳು ತುಂಡಾಗಿದ್ದರೆ ಹೊಸದು ಹಾಕಿ. ಅದೇ ಲೋಡಿನಲ್ಲಿ ಮತ್ತೆ ಅಳೆದು, ಮೊದಲಿನ ಮತ್ತು ಆಮೇಲಿನ ರೀಡಿಂಗನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ರೀಡಿಂಗುಗಳು) ಸಹಿತ ಪ್ರಿಂಟ್ ಬೇಕು. ಅಳಿಸಿದರೆ ಕೆಟ್ಟ ಹೊತ್ತಿನ ದಾಖಲೆಯೂ ಹೋಗುತ್ತದೆ. ಎಬಿಎಸ್ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಹಿಂದಿನ ಚಕ್ರಗಳು ಬೇಗ ಲಾಕ್ ಆಗಬಹುದು, ಆ ಸ್ಥಿತಿಯಲ್ಲಿ ಗಾಡಿ ನನಗೆ ಒಪ್ಪಿಸಬೇಡಿ.

ರೀಸೆಟ್‌ನ 2,550 ಮತ್ತು ಸೆನ್ಸರಿನ 3,400, ಒಟ್ಟು 5,950 ರೂಪಾಯಿ ಹಾಗೂ ಹಳೆ ಸೆನ್ಸರನ್ನು ವಾಪಸು ಕೊಡಿ. 15 ದಿನದಲ್ಲಿ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲುಗಳ ಪ್ರತಿ, ಮೀಟರ್ ರೀಡಿಂಗಿನ ಮತ್ತು ಲಗ್ಗಿನ ಫೋಟೋ ಲಗತ್ತಿಸಿದೆ.

ಇಂತಿ,
ಗ್ರಾಹಕ, ಬಳ್ಳಾರಿ