ಬಡಿಸುವುದು ನಿನ್ನ ಕೆಲಸ, ತಿನ್ನುವುದು ಅವಳದು

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಫೋನಿನಲ್ಲೇ ಮಾತಾಡೋಣ ಅಂದರೆ ಪಾಪು ನಿನ್ನ ಕೈಯಿಂದ ಕಿತ್ತುಕೊಂಡು ಕಟ್ ಮಾಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳು ಮಲಗಿದಾಗ ಓದು. ಒಂದೇ ಸಲಕ್ಕೆ ಮುಗಿಸಬೇಕು ಅಂತೇನೂ ಇಲ್ಲ.

“ನಾನು ಒಳ್ಳೆ ತಾಯಿ ಅಲ್ಲವೇನೋ ದೊಡ್ಡಮ್ಮ” ಅಂದೆ. ಆ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಆದರೆ ಬೆಳಗಿನಿಂದ ರಾತ್ರಿವರೆಗೆ ಏನೇನಾಗುತ್ತದೆ ಅಂತ ಪೂರ್ತಿ ಹೇಳಿದೆಯಲ್ಲ, ಅದನ್ನು ಮತ್ತೆ ಹಾಕಿ ಕೇಳಿದೆ. ನೀನು ನಿನ್ನ ಕೆಲಸದ ಜೊತೆಗೆ ಇನ್ನಿಬ್ಬರ ಕೆಲಸ ಹೊತ್ತುಕೊಂಡಿದ್ದೀಯ. ಒಂದು ಪಾಪುವಿನದು, ಇನ್ನೊಂದು ಅಳಿಯಂದಿರದು. ಸುಸ್ತಾಗದೆ ಇನ್ನೇನು?

ಎರಡು ವರ್ಷದ ಮಗುವಿಗೆ ಎಂಥ ಕೆಲಸ ಅಂತ ನಗಬೇಡ. ತಿನ್ನುವುದು, ನಿದ್ದೆ ಹೋಗುವುದು, ಅತ್ತು ಸಮಾಧಾನ ಆಗುವುದು, ಇವೆಲ್ಲ ಅವಳ ಕೆಲಸ. ಅದಕ್ಕೆ ಬೇಕಾದ್ದನ್ನು ನೀನು ಒದಗಿಸಬಹುದು. ಅವಳ ಬದಲು ನೀನು ಮಾಡೋಕೆ ಹೋದರೆ ಇಬ್ಬರಿಗೂ ರಗಳೆ.

ಊಟದ ವಿಷಯವನ್ನೇ ತಗೋ. ನಿನ್ನ ಅರ್ಧ ದಿನ ತಿನ್ನುತ್ತಿರುವುದು ಅದೇ. ಒಂದೊಂದು ಹೊತ್ತಿಗೆ ಒಂದೂವರೆ ಗಂಟೆ. ಮೊಬೈಲ್‌ನಲ್ಲಿ ಹಾಡು ಹಾಕಿ, ಬಾಲ್ಕನಿಯಲ್ಲಿ ಪಾರಿವಾಳ ತೋರಿಸಿ, ಬಾಯಿ ತೆರೆದಾಗ ಒಂದು ತುತ್ತು ತುರುಕುವುದು. ಅವಳು ಅದನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುವುದು. ಕೊನೆಗೆ ಒಂದು ಕೆಮ್ಮು, ಎಲ್ಲಾ ನಿನ್ನ ಮೈಮೇಲೆ. ಆಮೇಲೆ ಪಾಪ ಏನೂ ತಿಂದಿಲ್ಲ ಅಂತ ಒಂದು ಬಾಟಲಿ ಹಾಲು.

ಒಂದು ಲೆಕ್ಕ ಹೇಳುತ್ತೇನೆ ಕೇಳು. ಹುಟ್ಟಿದಾಗ ಮಗು ಸುಮಾರು 3 ಕೆಜಿ. ವರ್ಷ ತುಂಬುವ ಹೊತ್ತಿಗೆ ಅದರ ಮೂರರಷ್ಟು, 9 ಕೆಜಿ ಆಸುಪಾಸು. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಮೊದಲನೇ ವರ್ಷದ ಹಾಗೇ ಬೆಳೆದಿದ್ದರೆ ಎರಡನೇ ಹುಟ್ಟುಹಬ್ಬಕ್ಕೆ ನಿನ್ನ ಮಗಳು 27 ಕೆಜಿ ಇರಬೇಕಿತ್ತು! ಬೆಳವಣಿಗೆ ನಿಧಾನ ಆದಾಗ ಹಸಿವೂ ಕಡಿಮೆ ಆಗುತ್ತದೆ. “ವರ್ಷದ ತನಕ ಚೆನ್ನಾಗಿ ತಿನ್ನುತ್ತಿತ್ತು, ಈಗ ಏನೂ ತಿನ್ನಲ್ಲ ಟೀಚರ್” ಅಂತ ಅಂಗನವಾಡಿಗೆ ಬರುವ ತಾಯಂದಿರೆಲ್ಲ ಹೇಳುತ್ತಿದ್ದರು. ತಕ್ಕಡಿಗೆ ಹಾಕಿದರೆ ಹೆಚ್ಚಿನವು ತೂಕದ ಚಾರ್ಟಿನ ಹಸಿರು ಪಟ್ಟಿಯಲ್ಲೇ, ಅಂದರೆ ಸರಿಯಾದ ತೂಕದಲ್ಲೇ ಇರುತ್ತಿದ್ದವು.

ನಿನಗೆ ಗೊತ್ತಲ್ಲ, ನನ್ನ ತಲೆ ನೆರೆತದ್ದೇ ಅಂಗನವಾಡಿಯಲ್ಲಿ. ರಾಜ್ಯದಲ್ಲಿ ಈ ಯೋಜನೆ 1975ರಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೇ, ಅದು ನಮಗೆಲ್ಲ ಒಂದು ಜಂಬ. ಮೂರು ತುಂಬಿದ ಮಕ್ಕಳು ನಮ್ಮಲ್ಲಿ ಕೂರುತ್ತಿದ್ದವು. ಅಕ್ಕನ ಸೆರಗು ಹಿಡಿದುಕೊಂಡು ಬಂದು ಕೂತುಬಿಡುವ ಪುಟಾಣಿಗಳೂ ಇದ್ದವು. ತಟ್ಟೆ ಇಟ್ಟು ಬಡಿಸಿದರೆ ಮುಗಿಯಿತು, ಒಬ್ಬೊಬ್ಬರಿಗೂ ತುತ್ತು ಇಡಲು ನಮಗೆಲ್ಲಿ ಕೈ? ಮನೆಯಲ್ಲಿ ಅಮ್ಮನನ್ನು ಕೇರಿಯೆಲ್ಲ ಓಡಿಸುವ ಮಗು ಇಲ್ಲಿ ತಟ್ಟೆ ನೆಕ್ಕಿ ಇಡುತ್ತಿತ್ತು. ಪಕ್ಕದವರೂ ತಿನ್ನುತ್ತಿದ್ದಾರೆ, ತನ್ನ ಬಾಯಿಯನ್ನೇ ನೋಡುತ್ತಾ ಯಾರೂ ಕೂತಿಲ್ಲ. ಅಷ್ಟು ಸಾಕು ಅದಕ್ಕೆ.

ಹಾಗಾಗಿ ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು ಅನ್ನುವುದು ನಿನಗೆ ಬಿಟ್ಟದ್ದು. ಎಷ್ಟು ಅನ್ನುವುದು ಅವಳಿಗೆ ಬಿಟ್ಟುಬಿಡು. ಮೂರು ಹೊತ್ತು ಊಟ ತಿಂಡಿ, ನಡುವೆ ಎರಡು ಸಲ ಬಾಳೆಹಣ್ಣೋ ಹುರಿಹಿಟ್ಟೋ. ನೆಲದ ಮೇಲೆ ಹಳೇ ಪೇಪರ್ ಹಾಸು. ನೀವೂ ಕೂತು ತಿನ್ನಿ, ಅವಳಿಗೂ ಒಂದು ತಟ್ಟೆ ಇಡು. ಮಿದ್ದ ಅನ್ನ, ಬೇಳೆಕಟ್ಟು, ತುಪ್ಪ. ಅಥವಾ ಬೆರಳ ತುದಿಯಷ್ಟು ಮುದ್ದೆ, ಸೊಪ್ಪಿನ ಸಾರಿನಲ್ಲಿ ಅದ್ದಿ. ಮೊಟ್ಟೆ ತಿನ್ನುವವರು ನೀವು, ಅದನ್ನು ಬಿಡಬೇಡ. ಅವಳು ಕೈ ಹಾಕಿ ಕಲಸುತ್ತಾಳೆ, ತಲೆಗೆ ಮೆತ್ತಿಕೊಳ್ಳುತ್ತಾಳೆ, ಒಂದಷ್ಟು ಬಾಯಿಗೂ ಹೋಗುತ್ತದೆ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ “ಆಯ್ತಾ ಪಾಪು?” ಅಂತ ಕೇಳಿ ತಟ್ಟೆ ಎತ್ತಿಬಿಡು. ಬೈಯುವುದೂ ಬೇಡ, ಹೊಗಳುವುದೂ ಬೇಡ. ಮುಂದಿನ ಹೊತ್ತಿನವರೆಗೆ ನೀರು ಮಾತ್ರ. ಬಿಸ್ಕತ್ತು ಇಲ್ಲ, ಬಾಟಲಿ ಇಲ್ಲ.

ಮೊದಲ ಕೆಲವು ದಿನ ಕಷ್ಟ. ಅವಳು ಅಳುತ್ತಾಳೆ, ನಿಮ್ಮ ಅತ್ತೆಯವರು ಮುಖ ಊದಿಸಿಕೊಳ್ಳುತ್ತಾರೆ. ತಡಕೋ.

ಹಾಲು ದಿನಕ್ಕೆ ಅರ್ಧ ಲೀಟರ್ ದಾಟಬಾರದು. ನೀನು ಹೇಳಿದ್ದು ಲೆಕ್ಕ ಹಾಕಿದರೆ ಮುಕ್ಕಾಲು ಲೀಟರ್ ಹೋಗುತ್ತಿದೆ. ಹೊಟ್ಟೆ ಅಲ್ಲೇ ತುಂಬಿಹೋದರೆ ಅನ್ನಕ್ಕೆ ಜಾಗ ಎಲ್ಲಿ? ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲಿನಲ್ಲೇ ಬೆಳೆದ ಮಕ್ಕಳು ಗುಂಡಗೆ ಇದ್ದರೂ ರಕ್ತ ಕಡಿಮೆ ಇರುತ್ತದೆ. ಕಣ್ಣಿನ ಕೆಳರೆಪ್ಪೆ ಬಿಳಚಿಕೊಂಡಿದ್ದರೆ, ಮಣ್ಣು, ಸುಣ್ಣ ನೆಕ್ಕುತ್ತಿದ್ದರೆ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸು. ಅವಳು ತಿಂದಳೋ ಇಲ್ಲವೋ ಅನ್ನುವುದನ್ನು ತುತ್ತು ಎಣಿಸಿ ನೋಡಬೇಡ. ಎರಡು ಮೂರು ತಿಂಗಳಿಗೊಮ್ಮೆ ತೂಕ ಹಾಕಿಸಿ, ತೂಕ, ಚುಚ್ಚುಮದ್ದು ಎಲ್ಲ ಬರೆದಿಡುವ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ನೋಡು. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಯಾರ ಮಾತೂ ಕೇಳಬೇಡ. ಅಡ್ಡ ಮಲಗಿದರೆ, ಕೆಳಗಿಳಿದರೆ ಆಗ ಡಾಕ್ಟರ್.

ಕಡ್ಲೆಕಾಯಿ ಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಮಾತ್ರ ಅವಳ ಕೈಗೆ ಸಿಗಬಾರದು. ನಾಲ್ಕೈದು ವರ್ಷದವರೆಗೂ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದ್ದದ್ದೇ. ಬೀಜ ಪುಡಿ ಮಾಡಿ ಕೊಡು, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡು.

ಇನ್ನು ಹಠ. ಲಿಫ್ಟ್ ಬಟನ್ ನೀನು ಒತ್ತಿದೆ ಅಂತ ಅಷ್ಟು ಜನರ ಮುಂದೆ ನೆಲದ ಮೇಲೆ ಬಿದ್ದು ಹೊರಳಾಡಿದಳು, ನನಗೆ ಮಾನ ಹೋಯಿತು ಅಂದೆ. ಬಾಳೆಹಣ್ಣು ಮುರಿದುಹೋಯಿತು ಅಂತ ಅರ್ಧ ಗಂಟೆ ಅಳು. ನನಗಂತೂ ಕೇಳಿ ನಗು ಬಂತು, ಕ್ಷಮಿಸು. ಒಂದೂವರೆಯಿಂದ ಮೂರು ವರ್ಷದ ನಡುವೆ ಇದು ಹೀಗೇನೇ. ಬೇಕು ಅನ್ನುವುದು ಅವಳಿಗೆ ಬೆಟ್ಟದಷ್ಟಿದೆ, ಹೇಳಲು ಮಾತು ಸಾಲದು. ಸಿಟ್ಟನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗ ಇನ್ನೂ ಬಲಿತಿಲ್ಲ. ಅದು ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕಂತೆ. ನಿಮ್ಮ ದೊಡ್ಡಪ್ಪನನ್ನು ನೋಡಿದರೆ ಕೆಲವರಿಗೆ ಇನ್ನೂ ಜಾಸ್ತಿ ಬೇಕೇನೋ.

ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡ, ಅವಳ ಕಿವಿಗೆ ಏನೂ ಹೋಗುವುದಿಲ್ಲ. ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಂಡು ಪಕ್ಕದಲ್ಲೇ ಕೂರು. “ಸಿಟ್ಟು ಬಂತಾ? ಅಮ್ಮ ಇಲ್ಲೇ ಇದ್ದೀನಿ” ಅಂದರೆ ಸಾಕು. ಹೊಡೆಯಲು ಬಂದರೆ ಕೈ ಹಿಡಿದುಕೋ, ತಿರುಗಿ ಹೊಡೆಯಬೇಡ. ಅಳು ನಿಲ್ಲಿಸುವುದು ಅವಳ ಕೆಲಸ. ಮೊಬೈಲ್ ಕೊಟ್ಟು ನೀನು ನಿಲ್ಲಿಸಿದರೆ ಅವಳು ಕಲಿಯುವುದು ಯಾವಾಗ? ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುವ ಮಕ್ಕಳೂ ಉಂಟು. ಹಾಗೆ ಆದರೆ ಮಾತ್ರ ಡಾಕ್ಟರಿಗೆ ತೋರಿಸು, ಅಲ್ಲೂ ಎಷ್ಟೋ ಸಲ ಕಾರಣ ರಕ್ತ ಕಡಿಮೆ ಇರುವುದೇ. “ಹೆಣ್ಣು ಮಗುವಿಗೆ ಇಷ್ಟು ಹಠ ಒಳ್ಳೆಯದಲ್ಲ” ಅಂತ ಯಾರೋ ಹೇಳಿದರಂತಲ್ಲ. ಹಠಕ್ಕೆ ಹೆಣ್ಣು ಗಂಡು ಅಂತ ಇಲ್ಲ. ಹಾಗೆ ಹೇಳಿದವರ ಮನೆ ಗಂಡು ಮಕ್ಕಳನ್ನು ನಾನು ನೋಡಿಲ್ಲವೇ!

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷ ತುಂಬುವವರೆಗೆ ಬೇಡವೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮನೆಯಲ್ಲಿ ಒಬ್ಬಳೇ ಇದ್ದು, ನೀನು ತಲೆಗೆ ನೀರು ಹಾಕಿಕೊಳ್ಳುವಷ್ಟು ಹೊತ್ತು ಕಾರ್ಟೂನ್ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಊಟಕ್ಕೆ, ಅಳುವಿಗೆ, ನಿದ್ದೆಗೆ ಮಾತ್ರ ಬೇಡ.

ನಿದ್ದೆಗೆ ರಾತ್ರಿ ಹನ್ನೊಂದಾಗುತ್ತದೆ ಅಂದೆ. ಮಧ್ಯಾಹ್ನ ಐದರ ತನಕ ಮಲಗಿಸಿದರೆ ಇನ್ನೇನಾಗುತ್ತದೆ? ಈ ವಯಸ್ಸಿಗೆ ಹಗಲು ರಾತ್ರಿ ಸೇರಿ ಹನ್ನೆರಡು ಗಂಟೆ ಆಸುಪಾಸು ನಿದ್ದೆ ಬಂದರೆ ಧಾರಾಳವಾಯಿತು. ಮೂರು, ಮೂರೂವರೆಗೆ ಎಬ್ಬಿಸಿಬಿಡು. ಸಂಜೆ ಬಿಸಿನೀರು, ಊಟ, ಲೈಟು ಆರಿಸುವುದು, ದಿನಾ ಇದೇ ಸಾಲಿನಲ್ಲಿ ನಡೆಯಲಿ. ಒಂಬತ್ತು ಗಂಟೆಗೆ ಬಂದು ಮಗುವನ್ನು ಮೇಲಕ್ಕೆ ಎಸೆದು ಹಿಡಿದು ಕುಣಿಸುವುದನ್ನು ಅಳಿಯಂದಿರು ನಿಲ್ಲಿಸಬೇಕು. ಕುಣಿಸುವವರು ಅವರು, ಆಮೇಲೆ ಕತ್ತಲಲ್ಲಿ ತಟ್ಟುತ್ತಾ ಕೂರುವವಳು ನೀನು. ಇದ್ಯಾವ ನ್ಯಾಯ?

ಮನೆ ಗಲೀಜು ಅಂತ ಅಷ್ಟೊಂದು ಬೇಜಾರು ಮಾಡಿಕೊಂಡಿದ್ದೀಯ. ಇರಲಿ ಬಿಡು. ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ನಾಲ್ಕು ಸ್ಟೀಲ್ ಲೋಟ, ಸೌಟು ಇಡು, ಬಡಿದುಕೊಂಡು ಕೂರಲಿ. ಫಿನಾಯಿಲ್, ಸೊಳ್ಳೆ ಔಷಧಿ, ಮಾತ್ರೆ, ರಿಮೋಟ್‌ನ ಗುಂಡಿ ಸೆಲ್ಲು ಇವು ಅಟ್ಟದ ಮೇಲಿರಲಿ. ಬಚ್ಚಲಲ್ಲಿ ಬಕೆಟ್ಟಿಗೆ ನೀರು ತುಂಬಿಸಿ ಇಡಬೇಡ. ಇಣುಕಿ ತಲೆಕೆಳಗಾಗಿ ಬಿದ್ದರೆ ಈ ವಯಸ್ಸಿನ ಮಕ್ಕಳಿಗೆ ಏಳಲು ಬರುವುದಿಲ್ಲ, ಗೇಣು ನೀರು ಸಾಕು. ಈ ಒಂದು ವಿಷಯದಲ್ಲಿ ನೀನು ಎಷ್ಟು ಕಟ್ಟುನಿಟ್ಟಾದರೂ ನಾನು ಬೇಡ ಅನ್ನುವುದಿಲ್ಲ.

ಈಗ ಅಳಿಯಂದಿರು. ಒಳ್ಳೆಯವರು, ಕರೆದರೆ ಬರುತ್ತಾರೆ, ಹೇಳಿದ್ದು ಮಾಡುತ್ತಾರೆ ಅಂದೆ. ಕರೆಯುವುದು, ಹೇಳುವುದು, ಚಡ್ಡಿ ಎಲ್ಲಿದೆ ಅಂತ ತೋರಿಸುವುದು, ಅದೂ ನಿನ್ನ ಕೆಲಸವೇ ಆಯಿತಲ್ಲ. ಬಿಡಿ ಬಿಡಿಯಾಗಿ ಹೇಳಬೇಡ. ಒಂದು ಕೆಲಸವನ್ನು ಪೂರ್ತಿ ಅವರಿಗೆ ಬಿಡು. ಬೆಳಗ್ಗೆ ಎದ್ದಲ್ಲಿಂದ ತಿಂಡಿ ತಿನ್ನಿಸುವವರೆಗೆ ಅಂತಲೋ, ಶನಿವಾರ ಇಡೀ ಬೆಳಗ್ಗೆ ಅಂತಲೋ. ಆ ಹೊತ್ತಿನಲ್ಲಿ ನೀನು ಮನೆಯಲ್ಲೇ ಇರಬೇಡ. ಪಾರ್ಕಿಗೆ ಹೋಗು, ಗೆಳತಿಯ ಮನೆಗೆ ಹೋಗಿ ಸುಮ್ನೆ ಮಲಗು. ಪಾಪು ಅಮ್ಮ ಬೇಕು ಅಂತ ಅಳುತ್ತಾಳೆ, ಬಾಗಿಲಿನಿಂದ ವಾಪಸ್ ಬರಬೇಡ. ಅಂಗಿ ಹಿಂದುಮುಂದಾಗಿ ಹಾಕಿದ್ದರೆ ನೋಡಿಯೂ ನೋಡದ ಹಾಗಿರು. ನೀನು ಸರಿ ಮಾಡಲು ಕೈ ಚಾಚಿದೆಯೋ, ಆ ಕೆಲಸ ಮತ್ತೆ ನಿನ್ನ ಕೊರಳಿಗೆ ಬಿತ್ತು. ಮಗುವಿನ ತೂಕ ಎಷ್ಟು, ಜ್ವರಕ್ಕೆ ಯಾವ ಔಷಧಿ ಎಷ್ಟು ಎಂಎಲ್, ಇದು ಅವರಿಗೂ ಬಾಯಿಗೆ ಬರಬೇಕು.

“ನಾಲ್ಕು ಮಕ್ಕಳನ್ನು ಸಾಕಿದೆ, ಒಂದು ದಿನ ಸುಸ್ತು ಅಂದವಳಲ್ಲ” ಅನ್ನುತ್ತಾರಂತೆ ನಿಮ್ಮ ಅತ್ತೆ. ಸುಳ್ಳಲ್ಲ ಅದು. ಆದರೆ ಆ ಮನೆಯಲ್ಲಿ ಅವರ ಅತ್ತೆ ಇದ್ದರು, ಓರಗಿತ್ತಿಯರು ಇದ್ದರು. ದೊಡ್ಡ ಮಗಳ ಸೊಂಟದ ಮೇಲೆ ಚಿಕ್ಕದು ಕೂತಿರುತ್ತಿತ್ತು. ಬೆಳಗ್ಗೆ ಜಗಲಿಗೆ ಬಿಟ್ಟ ಮಗು ಹಸಿವಾದಾಗ ಒಳಗೆ ಬರುತ್ತಿತ್ತು. ನಿನಗೆ ಏಳನೇ ಮಹಡಿ, ಮುಚ್ಚಿದ ಬಾಗಿಲು, ಮಧ್ಯೆ ಆಫೀಸಿನ ಮೀಟಿಂಗು. ಅವರೊಡನೆ ವಾದ ಮಾಡಬೇಡ. “ಹೌದಾ ಅತ್ತೆ, ಹಾಗಾದ್ರೆ ಸಂಜೆ ಒಂದು ಗಂಟೆ ನೀವೇ ಕೆಳಗೆ ಆಡಿಸಿಕೊಂಡು ಬನ್ನಿ” ಅನ್ನು. ಬಹುಶಃ ಅವರು ಕಾಯುತ್ತಿರುವುದೂ ಅದಕ್ಕೇ.

ನಿಮ್ಮ ಕಂಪನಿಯಲ್ಲಿ ಮಕ್ಕಳನ್ನು ಬಿಡುವ ಜಾಗ ಇದೆಯಾ ಅಂತ ಕೇಳಿದ್ದೀಯಾ? 50 ಜನ ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಅದನ್ನು ಮಾಡಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ತಾಯಿಗೆ ಬಿಡಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ಸೇರಿಸಿದ್ದಾರೆ. ಕೇಳುವುದಕ್ಕೆ ಸಂಕೋಚ ಯಾಕೆ?

ಇನ್ನೊಂದು. ಮಗು ಮಲಗಿದ ಮೇಲೂ ನಿನಗೆ ನಿದ್ದೆ ಹತ್ತದೇ ಇದ್ದರೆ, ದಿನಾ ಅಳು ಬರುತ್ತಿದ್ದರೆ, “ನನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೇನೋ” ಅನ್ನುವ ಯೋಚನೆ ಒಂದು ಸಲ ಸುಳಿದರೂ ಸರಿ, ಮುಚ್ಚಿಡಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಅಂತ ಸರ್ಕಾರದ್ದು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ನನಗೂ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ

ವಿ. ಸೂ.: ತಾಯಿ ಕಾರ್ಡ್ ತೆಗೆದು ನೋಡು. 16ರಿಂದ 24 ತಿಂಗಳ ಒಳಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಎರಡನೇ ಚುಚ್ಚುಮದ್ದು, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ ಎರಡೂ ಆಗಿದೆಯಾ? ‘ಎ’ ವಿಟಮಿನ್ ಆರು ತಿಂಗಳಿಗೊಮ್ಮೆ, ಐದು ವರ್ಷದ ತನಕ. ಜಂತುಹುಳದ ಮಾತ್ರೆ ಫೆಬ್ರುವರಿ 10, ಆಗಸ್ಟ್ 10ಕ್ಕೆ ಅಂಗನವಾಡಿಯಲ್ಲಿ ಕೊಡುತ್ತಾರೆ, ಪುಡಿ ಮಾಡಿ ನೀರಲ್ಲಿ ಕದಡಿ ಕುಡಿಸಬೇಕು. ಬೆಂಗಳೂರಿನಲ್ಲೂ ಅಂಗನವಾಡಿ ಇದೆ ಕಣೇ, ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲೇ ಇದ್ದರೂ ಇರಬಹುದು, ಸೆಕ್ಯೂರಿಟಿಯವರನ್ನು ಕೇಳು. ಈ ಕೆಲಸವನ್ನು ಅಳಿಯಂದಿರಿಗೆ ಹೇಳು.