ಮೂರು ವಾರ ದಾಟಿದ ಗೊಗ್ಗರು ದನಿ

ಮಾನ್ಯರೇ,

ನೆಗಡಿಯ ಜೊತೆ ಕಟ್ಟಿದ ಗಂಟಲು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಬಿಡುತ್ತದೆ. ಹೆಚ್ಚಿನವು ವೈರಸ್ಸಿನವು, ಆಂಟಿಬಯೋಟಿಕ್ ಬೇಕಿಲ್ಲ. ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಕಷಾಯ ನೆಚ್ಚಿ ಕೂರದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಎಂಡೋಸ್ಕೋಪಿನಲ್ಲಿ (ಕ್ಯಾಮೆರಾ ಇರುವ ತೆಳು ಕೊಳವೆ) ಧ್ವನಿತಂತುಗಳನ್ನು ನೋಡಲು ಕೆಲವೇ ನಿಮಿಷ ಸಾಕು. ನೋಡದೆ, ಹೊಟ್ಟೆಯ ಆಮ್ಲವೇ ದನಿ ಕೆಡಿಸಿದೆಯೆಂದು ತಿಂಗಳುಗಟ್ಟಲೆ ಅಸಿಡಿಟಿ ಮಾತ್ರೆ ನುಂಗುವುದು ಬರೀ ಊಹೆಯ ಚಿಕಿತ್ಸೆ.

ಬೀಡಿ, ಸಿಗರೇಟು ಸೇದುವವರಂತೂ ತಡಮಾಡಲೇಬಾರದು. ಧ್ವನಿತಂತುವಿನ ಕ್ಯಾನ್ಸರ್ ಚಿಕ್ಕದಿದ್ದಾಗಲೇ ದನಿ ಕೆಡಿಸುತ್ತದೆ. ಆ ಹಂತದಲ್ಲಿ ವಿಕಿರಣ ಅಥವಾ ಲೇಸರ್‌ನಿಂದ ಬಹುತೇಕ ಗುಣವಾಗುತ್ತದೆ, ದನಿಯೂ ಉಳಿಯುತ್ತದೆ. ನೋವಿಲ್ಲವೆಂದೇ ಜನ ಸುಮ್ಮನಿರುತ್ತಾರೆ, ಅದೇ ತೊಂದರೆ. ಕಫದಲ್ಲಿ ರಕ್ತ, ನುಂಗಲು ಕಷ್ಟ, ಕತ್ತಿನಲ್ಲಿ ಗಡ್ಡೆ, ಒಂದೇ ಕಿವಿಯಲ್ಲಿ ಬಿಡದ ನೋವು ಇದ್ದರೆ ಮೂರು ವಾರವೂ ಕಾಯಬಾರದು. ಉಸಿರಾಡುವಾಗ ಕೀರಲು ಸದ್ದು ಬಂದರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ.

ಶಿಕ್ಷಕರಲ್ಲಿ ಕಾಣುವ ಧ್ವನಿತಂತು ಗಂಟಿಗೆ ಮೊದಲ ಮದ್ದು ಧ್ವನಿ ಚಿಕಿತ್ಸೆ (ದನಿ ಬಳಸುವ ರೀತಿ ತಿದ್ದುವ ತರಬೇತಿ), ಕತ್ತರಿಯಲ್ಲ. ಪಿಸುಮಾತು, ಪದೇ ಪದೇ ಕ್ಯಾಕರಿಸುವುದು ತಂತುಗಳನ್ನು ಇನ್ನಷ್ಟು ದಣಿಸುತ್ತವೆ. ಉಬ್ಬಸಕ್ಕೆ ಬಳಸುವ ಸ್ಟಿರಾಯ್ಡ್ ಇನ್‌ಹೇಲರ್‌ನಿಂದಲೂ ದನಿ ಕೆಡಬಹುದು, ಅದನ್ನು ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

– ಗಂಟಲು ತಜ್ಞರು, ದಾವಣಗೆರೆ