‘ನಾನೇ ಕೊಂದೆ ಸಾರ್’ ಅಂದ ಕೂಡಲೇ ಕಥೆ ಮುಗೀತಾ?

ಸಂಪಾದಕರೇ,

ಕಳೆದ ಎರಡು ತಿಂಗಳಲ್ಲಿ ಈಚಿನ ಏಳು ಪತ್ತೇದಾರಿ ಕಾದಂಬರಿ ಓದಿದೆ. ಮೊಮ್ಮಗಳು ತಂದುಕೊಟ್ಟಳು, ರಿಟೈರಾದವರಿಗೆ ಹೊತ್ತು ಹೋಗಬೇಕಲ್ಲ. ಹೆಸರು ಹೇಳುವುದಿಲ್ಲ. ಬರೆದವರು ಚಿಕ್ಕವರು, ಕೈ ಚೆನ್ನಾಗಿದೆ, ಸುಮ್ನೆ ಯಾಕೆ ನೋಯಿಸುವುದು. ಆದರೆ ಏಳರಲ್ಲಿ ಐದು ಒಂದೇ ಥರ ಮುಗಿಯುತ್ತವೆ. ಇನ್‌ಸ್ಪೆಕ್ಟರ್ ಮೇಜು ಗುದ್ದುತ್ತಾನೆ, ಆರೋಪಿ ಎರಡು ಪುಟ ಅಳುತ್ತಾ ‘ನಾನೇ ಕೊಂದೆ ಸಾರ್’ ಅನ್ನುತ್ತಾನೆ, ಹೊರಗೆ ಮಳೆ ನಿಲ್ಲುತ್ತದೆ, ಪುಸ್ತಕ ಮುಗೀತು.

ನಾನು 29 ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು, ಕೊನೆಯ ಕೆಲವು ವರ್ಷ ಸೆಷನ್ಸ್ ಕೋರ್ಟಿನ ಬೆಂಚ್ ಕ್ಲರ್ಕ್. ಅಲ್ಲಿ ಆ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಆದರೆ ಒಂದು ಸಂದು ಇದೆ ನೋಡಿ, ಮಜಾ ಇರುವುದೇ ಅಲ್ಲಿ. ‘ನಾನೇ ಕೊಂದೆ, ಮಚ್ಚನ್ನು ತೋಟದ ಬಾವಿಗೆ ಎಸೆದೆ’ ಅಂದ ಅಂತಿಟ್ಟುಕೊಳ್ಳಿ. ಮೊದಲರ್ಧ ಕೋರ್ಟಿಗೆ ಬೇಡ. ಬಾವಿಯಲ್ಲಿ ಮಚ್ಚು ನಿಜವಾಗಿ ಸಿಕ್ಕರೆ ಇನ್ನರ್ಧ ಬೇಕು. ಈಗ ಪ್ರಶ್ನೆಗಳು ಶುರು. ಮಚ್ಚು ಎತ್ತುವಾಗ ಪಂಚರು, ಅಂದರೆ ಪೊಲೀಸರು ಸಾಕ್ಷಿಗೆ ಕರೆತಂದ ಹೊರಗಿನವರು, ಬಾವಿಕಟ್ಟೆಯ ಮೇಲಿದ್ದರಾ, ಇಲ್ಲ ಸ್ಟೇಷನ್ನಿನಲ್ಲಿ ಕೂತು ಸಹಿ ಹಾಕಿದರಾ? ವಶಪಡಿಸಿಕೊಂಡಾಗ ಬರೆಯುವ ಮಹಜರಿನಲ್ಲಿರುವ ಮಚ್ಚಿನ ಉದ್ದಕ್ಕೂ, ಕೋರ್ಟಿನಲ್ಲಿ ಮುದ್ದೆಮಾಲಿನ (ವಶಪಡಿಸಿಕೊಂಡ ವಸ್ತುವಿನ) ಚೀಲ ಬಿಚ್ಚಿದಾಗ ಕಾಣುವ ಉದ್ದಕ್ಕೂ ತಾಳೆ ಇದೆಯಾ? ಎರಡು ವರ್ಷ ಕಳೆದು ಸಾಕ್ಷಿ ಕಟಕಟೆ ಹತ್ತಿ, ಆರೋಪಿಯ ಕಡೆ ಒಮ್ಮೆ ನೋಡಿ, ‘ನನಗೇನೂ ಗೊತ್ತಿಲ್ಲ ಸ್ವಾಮಿ’ ಅಂತ ತಿರುಗಿಬಿದ್ದಾಗ ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಇದಕ್ಕಿಂತ ಸಸ್ಪೆನ್ಸ್ ಬೇಕಾ? ಇದನ್ನು ಯಾಕೆ ಯಾರೂ ಬರೆಯುತ್ತಿಲ್ಲ?

ಇನ್ನೊಂದರಲ್ಲಿ ಆರೋಪಿಯನ್ನು ಎಳೆದೊಯ್ದು ಮಂಪರು ಪರೀಕ್ಷೆ ಮಾಡಿಸುತ್ತಾರೆ. ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅದೂ ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಕೇಸಿನಲ್ಲಿ. ಮತ್ತೊಂದು ಕಥೆ ನಡೆಯುವುದು 2025ರಲ್ಲಿ, ಎಲ್ಲರ ಕೈಯಲ್ಲೂ ಹೊಸ ಫೋನು, ಎಫ್‌ಐಆರ್‌ನಲ್ಲಿ ಮಾತ್ರ ಇನ್ನೂ 302, ಹಳೆಯ ದಂಡಸಂಹಿತೆಯ ಕೊಲೆ ಸೆಕ್ಷನ್. ಕೊಲೆ 2024ರ ಜುಲೈ 1ಕ್ಕೆ ಮುಂಚೆ ಆಗಿದ್ದರೆ ಸರಿ. ಆಮೇಲಿನದಕ್ಕೆ ಹೊಸ ನ್ಯಾಯ ಸಂಹಿತೆಯ 103.

‘ತಾತ, ಕಾದಂಬರಿ ಕಾನೂನು ಪುಸ್ತಕ ಅಲ್ವಲ್ಲ’ ಅಂತ ಮೊಮ್ಮಗಳು ನಗುತ್ತಾಳೆ. ನಿಜ. ನನಗೆ ಓದುವ ಚಟ ಹತ್ತಿಸಿದ್ದೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಅಲ್ಲಿ ನಾನು ಯಾವ ಸೆಕ್ಷನ್ನೂ ಹುಡುಕಲಿಲ್ಲ. ಆ ಪುಸ್ತಕಗಳು ತಾವು ನಿಜ ಅಂತ ನಟಿಸಲಿಲ್ಲ. ಈಗಿನವು ಹಾಗಲ್ಲ. ಫೊರೆನ್ಸಿಕ್, ಟವರ್ ಲೊಕೇಶನ್, ಡಿಎನ್‌ಎ ಅಂತ ಪುಟಗಟ್ಟಲೆ ಬರೆದು ನಂಬಿ ಅನ್ನುತ್ತವೆ. ನಂಬು ಅಂದಮೇಲೆ ಲೆಕ್ಕ ಕೇಳಬಾರದಾ? ತೇಜಸ್ವಿಯವರ ‘ಜುಗಾರಿ ಕ್ರಾಸ್’ ನೋಡಿ, ಅದರೊಳಗಿನ ಭಯ ಆ ಮಲೆನಾಡಿನ ಕಾಡು, ಏಲಕ್ಕಿ ವ್ಯಾಪಾರದಿಂದಲೇ ಹುಟ್ಟಿದ್ದು. ಈಗಿನ ಬಹಳಷ್ಟರಲ್ಲಿ ಬೆಂಗಳೂರು ತೆಗೆದು ಬೇರೆ ಯಾವ ಊರಿನ ಹೆಸರು ಹಾಕಿದರೂ ಏನೂ ಬದಲಾಗುವುದಿಲ್ಲ.

ಏಳರಲ್ಲಿ ಒಂದು ಮಾತ್ರ ಇಷ್ಟವಾಯಿತು. ಅದರಲ್ಲಿ ಪಂಚರು ಸಿಗದೆ ಹೆಡ್ ಕಾನ್‌ಸ್ಟೇಬಲ್ ಒಬ್ಬ ಟೀ ಅಂಗಡಿಯವನನ್ನು ಬೇಡಿಕೊಳ್ಳುತ್ತಾನೆ. ‘ಬರ್ತೀನಿ ಸಾರ್, ಅಂಗಡಿ ಯಾರು ನೋಡ್ಕೋತಾರೆ?’ ಅನ್ನುತ್ತಾನೆ ಅವನು. ಆ ಎರಡು ಪುಟ ಮತ್ತೆ ಮತ್ತೆ ಓದಿದೆ. ಕೋರ್ಟಿಗೆ ಬಂದು ಅವನು ಏನು ಹೇಳಿದ ಅಂತ ಕೊನೆಯವರೆಗೂ ಕಾದೆ, ಲೇಖಕರು ಅವನನ್ನು ಅಂಗಡಿಯಲ್ಲೇ ಬಿಟ್ಟುಬಿಟ್ಟಿದ್ದಾರೆ. ಎರಡನೇ ಭಾಗ ಬರೆಯುವುದಾದರೆ ದಯವಿಟ್ಟು ಅವನಿಂದಲೇ ಶುರು ಮಾಡಲಿ.

– ನಿವೃತ್ತ ಕೋರ್ಟ್ ನೌಕರ, ತುಮಕೂರು